ಕಿವಿಮೊರೆತದೊಡನೆ ಬಾಳುವೆ



ಹೊರಗಿನ ಸದ್ದು ಬೇಡವಾದರೆ ಕಿಟಕಿಯನ್ನು ಮುಚ್ಚಬಹುದು. ರೇಡಿಯೋವಿನ ಗುಂಡಿಯನ್ನು ತಿರುಗಿಸಿ ಭಾಷಣಕಾರನ ಬಾಯನ್ನೂ ಮುಚ್ಚಿಸಬಹುದು. ಕಿವಿಯೊಳಗೇ ಹುಟ್ಟುವ ಸದ್ದಿಗೆ ಇಂಥ ಉಪಾಯವಿಲ್ಲ. ಒಬ್ಬರಿಗೆ ಅದು ಜೀರುಂಡೆಯ ಕೂಗು, ಇನ್ನೊಬ್ಬರಿಗೆ ಕುದಿಯುವ ನೀರಿನ ಸದ್ದು, ಮತ್ತೊಬ್ಬರಿಗೆ ದೂರದ ಸೀಟಿ. ಪಕ್ಕದಲ್ಲಿ ಕುಳಿತವರಿಗೆ ಏನೂ ಕೇಳಿಸದು. ಸುಶ್ರುತಸಂಹಿತೆಯು ಎಣಿಸಿರುವ ೨೮ ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು. ಬಳಕೆಯ ಮಾತಿನಲ್ಲಿ ಇದನ್ನು ಕಿವಿಮೊರೆತವೆನ್ನೋಣ.

ಈ ಮೊರೆತವುಳ್ಳವರ ಪಂಗಡಕ್ಕೆ ನಾವೂ ಸೇರಿದವರು. ನಮ್ಮನ್ನು ಹೆಚ್ಚಾಗಿ ದಣಿಸುವುದು ಸದ್ದಿಗಿಂತಲೂ ಅದರ ಚಂಚಲತೆ. ಸೋಮವಾರ ಅದು ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗಿರುತ್ತದೆ. ಮಂಗಳವಾರ ಬೆಳಗ್ಗೆ ತಲೆಯೆಲ್ಲವನ್ನೂ ತುಂಬಿಕೊಂಡಿರುತ್ತದೆ. ಒಳ್ಳೆಯ ದಿನ ‘ಇನ್ನು ಹೋಯಿತು’ ಎಂದು ಮನಸ್ಸು ಹಿಗ್ಗುತ್ತದೆ. ಕೆಟ್ಟ ದಿನ ‘ಇನ್ನು ಹೀಗೆಯೇ’ ಎಂದು ಕುಗ್ಗುತ್ತದೆ. ಈ ಏರಿಳಿತದ ಅರ್ಥವೇನು, ಅದರೊಡನೆ ಬಾಳುವ ಬಗೆ ಯಾವುದು ಎಂಬುದೇ ಇಂದಿನ ವಿಷಯ.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅವಯವವುಂಟು. ಅದರಲ್ಲಿ ಸುಮಾರು ೧೫,೦೦೦ ಸೂಕ್ಷ್ಮವಾದ ರೋಮಕೋಶಗಳಿದ್ದು, ಶಬ್ದದ ಸುದ್ದಿಯನ್ನು ಮೆದುಳಿಗೆ ಕಳುಹಿಸುವ ಕೆಲಸ ಅಲ್ಲಿಂದ ನಡೆಯುತ್ತದೆ. ಮುಪ್ಪಿನಿಂದ, ಅತಿಯಾದ ಸದ್ದಿನಿಂದ, ಕೆಲವು ಔಷಧಗಳಿಂದ ಅವು ನಷ್ಟವಾಗುತ್ತವೆ; ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಮುಂದೆ ಆಗುವುದನ್ನು ರೇಡಿಯೋ ಕೇಳುವವರಿಗೆ ಸುಲಭವಾಗಿ ತಿಳಿಸಬಹುದು. ದೂರದ ನಿಲಯ ಕ್ಷೀಣವಾಗಿ ಕೇಳಿಸಿದಾಗ ನಾವು ಗುಂಡಿಯನ್ನು ತಿರುಗಿಸಿ ಧ್ವನಿಯನ್ನು ಏರಿಸುತ್ತೇವೆ. ಆಗ ಸಂಗೀತದೊಡನೆ ಯಂತ್ರದ ಕರಕರ ಸದ್ದೂ ಏರುತ್ತದೆ. ಕಿವಿಯಿಂದ ಬರುವ ಸುದ್ದಿ ಕಡಮೆಯಾದಾಗ ಮೆದುಳೂ ಹೀಗೆಯೇ ತನ್ನ ಗುಂಡಿಯನ್ನು ಏರಿಸಿಕೊಳ್ಳುತ್ತದೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಆ ಕರಕರವೇ ಮೊರೆತ. ಇದು ಸ್ವಲ್ಪಮಟ್ಟಿಗೆ ಎಲ್ಲರಲ್ಲಿಯೂ ಇರುವಂತೆ ತೋರುತ್ತದೆ. ೧೯೫೩ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬವರು ಕಿವಿ ಚೆನ್ನಾಗಿದ್ದ ೮೦ ಮಂದಿಯನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿ ವಿಚಾರಿಸಿದಾಗ, ನೂರಕ್ಕೆ ೯೪ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತೆಂದರು.

ಇನ್ನು ಏರಿಳಿತದ ಮಾತು. ನಿದ್ರೆ ಕೆಟ್ಟರೆ, ಆಯಾಸವಾದರೆ, ಚಿಂತೆ ಹತ್ತಿದರೆ, ದವಡೆಯನ್ನು ಬಿಗಿಹಿಡಿದರೆ, ಶೀತವಾದರೆ, ಕಿವಿಯಲ್ಲಿ ಗುಗ್ಗೆ ತುಂಬಿದರೆ ಮೊರೆತ ಹೆಚ್ಚಬಹುದು. ಚಳಿಜ್ವರಕ್ಕೆ ಕ್ವಿನೈನನ್ನು ಹೆಚ್ಚಾಗಿ ಸೇವಿಸಿದವರಿಗೂ ಕಿವಿ ಮೊರೆಯುವುದುಂಟು. ಆದರೆ ಎಷ್ಟೋ ದಿನ ಯಾವ ಕಾರಣವೂ ಸಿಕ್ಕುವುದಿಲ್ಲ. ಆಗ ರೋಗಿಯು ಅಪರಾಧಿಯನ್ನು ಹುಡುಕಲು ಹೊರಡುತ್ತಾನೆ. ನಿನ್ನೆಯ ಕಾಫಿಯೋ, ಮೊಸರೋ, ಸಂಜೆಯ ಗಾಳಿಯೋ? ಒಂದೊಂದನ್ನಾಗಿ ಬಿಡುತ್ತಾನೆ. ಬಳಿಕ ಕಚೇರಿಗೆ ಹೋಗಿ ಸಂಗೀತ ಕೇಳುವುದನ್ನು ಬಿಡುತ್ತಾನೆ. ಸ್ನೇಹಿತರ ಮನೆಯನ್ನೂ ಬಿಡುತ್ತಾನೆ. ಮೊರೆತವು ಕಸಿಯದಿದ್ದುದನ್ನು ಮೊರೆತದ ಭಯವು ಕಸಿಯುತ್ತದೆ.

ಇಲ್ಲಿ ತಿಳಿಯತಕ್ಕ ಸಂಗತಿಯೊಂದುಂಟು. ಹೊರಗಿನ ಸ್ವರದೊಡನೆ ಹೋಲಿಸಿ ಅಳೆದಾಗ, ಈ ಸದ್ದು ಸಾಮಾನ್ಯವಾಗಿ ಆ ಮನುಷ್ಯನಿಗೆ ಕೇಳಿಸಬಲ್ಲ ಕನಿಷ್ಠ ಶಬ್ದಕ್ಕಿಂತ ಕೆಲವೇ ಡೆಸಿಬೆಲ್ ಹೆಚ್ಚಾಗಿರುತ್ತದೆ. ಅಳತೆಗೂ ಸಂಕಟಕ್ಕೂ ಸರಿಯಾದ ಹೊಂದಿಕೆಯಿಲ್ಲ. ೧೯೯೦ರಲ್ಲಿ ಯಾಸ್ಟ್ರೆಬಾಫ್ ಎಂಬ ವಿದ್ವಾಂಸರು, ಮೆದುಳು ಈ ಸದ್ದನ್ನು ಅಪಾಯದ ಸೂಚನೆಯೆಂದು ಎಣಿಸಿದಾಗ ಸಂಕಟ ಬಲಿಯುತ್ತದೆಂಬ ವಾದವನ್ನು ಮುಂದಿಟ್ಟರು. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ರೂಢಿಯಾಗಿ ಹೋಗುತ್ತದೆ. ಕಳ್ಳನ ಹೆಜ್ಜೆಗಾಗಿ ಕಿವಿಗೊಟ್ಟ ಕಾವಲುಗಾರನಿಗೆ ಎಲೆಯ ಸದ್ದೂ ರೂಢಿಯಾಗುವುದಿಲ್ಲ. ಬೆಳಗ್ಗೆ ಎದ್ದೊಡನೆ ‘ಇಂದು ಎಷ್ಟಿದೆ?’ ಎಂದು ಕಿವಿಗೊಡುವವನು ತನ್ನೊಳಗಿನ ಕಾವಲುಗಾರನನ್ನು ತಾನೇ ಎಚ್ಚರಿಸಿದಂತೆ.

ಚೆಕ್ ದೇಶದ ಸಂಗೀತಗಾರ ಸ್ಮೆಟನ ೧೮೭೪ರಲ್ಲಿ ಕಿವುಡನಾದನು; ಮೊರೆತವೂ ಅವನನ್ನು ಕಾಡಿತು. ೧೮೭೬ರಲ್ಲಿ ಅವನು ರಚಿಸಿದ ‘ನನ್ನ ಬಾಳಿನಿಂದ’ ಎಂಬ ಕೃತಿಯ ಕೊನೆಯ ಭಾಗದಲ್ಲಿ, ಉಲ್ಲಾಸದ ನಡುವೆ ಪಿಟೀಲು ತಟ್ಟನೆ ಒಂದು ತಾರಸ್ವರವನ್ನು ಹಿಡಿದು ನಿಲ್ಲುತ್ತದೆ. ಅದೇ ಅವನ ಕಿವಿಯ ಸದ್ದು. ಅವನ ಕೊನೆಗಾಲ ಸುಖದ್ದಾಗಿರಲಿಲ್ಲ. ಆದರೂ ನಾಲ್ಕು ಭಾಗಗಳ ಆ ಕೃತಿಯಲ್ಲಿ ಮೊರೆತಕ್ಕೆ ಅವನು ಕೊಟ್ಟುದು ಕೆಲವೇ ಕ್ಷಣಗಳ ಸ್ಥಳ.

ನಮ್ಮಂಥವರು ಮಾಡಬೇಕಾದುದೇನು? ಮೊದಲು ವೈದ್ಯರಿಗೆ ತೋರಿಸಬೇಕು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ಅದು ನಾಡಿಯೊಡನೆ ಬಡಿಯುತ್ತಿದ್ದರೆ, ತಲೆ ತಿರುಗಿದರೆ ಉಪೇಕ್ಷೆ ಸಲ್ಲದು. ಇದ್ದಕ್ಕಿದ್ದಂತೆ ಕಿವಿ ಮಂದವಾದರೆ ಒಂದು ದಿನವೂ ತಡಮಾಡಬಾರದು. ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ. ಮೊರೆತವನ್ನು ನಿಶ್ಚಯವಾಗಿ ಅಳಿಸುವ ಔಷಧ ಇನ್ನೂ ದೊರೆತಿಲ್ಲ; ಆದರೆ ಕಿವಿ ಮಂದವಾದವರಿಗೆ ಶ್ರವಣಯಂತ್ರವೂ, ಆಲೋಚನೆಯ ರೂಢಿಯನ್ನು ತಿದ್ದುವ ಮಾನಸಿಕ ಚಿಕಿತ್ಸೆಯೂ ಸಂಕಟವನ್ನು ಕಡಮೆ ಮಾಡಬಲ್ಲವು.

ಉಳಿದುದು ದಿನಚರಿ. ಪೂರ್ಣ ನಿಶ್ಶಬ್ದವನ್ನು ಅರಸಬಾರದು. ರಾತ್ರಿ ಫ್ಯಾನಿನ ಮೆಲುಸದ್ದು ಒಳ್ಳೆಯ ಸಂಗಾತಿ. ಪಟಾಕಿಯ ಅಬ್ಬರದಲ್ಲಿ ಕಿವಿಯನ್ನು ಕಾಪಾಡಬೇಕು. ಹಗಲೆಲ್ಲ ಹತ್ತಿ ತುರುಕಿಕೊಂಡಿರಬಾರದು. ಸದ್ದಿನ ಲೆಕ್ಕವನ್ನು ದಿನದಿನವೂ ಬರೆದಿಡಬಾರದು. ಒಪ್ಪಿಕೊಂಡ ಕೆಲಸವನ್ನು ಕಿವಿಯ ಅಪ್ಪಣೆ ಕೇಳದೆ ಮಾಡಬೇಕು. ಕೆಟ್ಟ ದಿನ ಅರ್ಧವಾದರೂ ಮಾಡಬೇಕು. ಮನೆಯವರು ‘ಎಲ್ಲಾ ನಿಮ್ಮ ಭ್ರಮೆ’ ಎನ್ನದಿರಲಿ. ಗಳಿಗೆಗೊಮ್ಮೆ ‘ಈಗ ಹೇಗಿದೆ?’ ಎಂದೂ ಕೇಳದಿರಲಿ.

ನಾಳೆ ಮೊರೆತ ಏರಿದರೆ ರೋಗ ಬೆಳೆಯಿತೆಂದು ತಿಳಿಯಬೇಕಾಗಿಲ್ಲ. ಏರುವುದೂ ಇಳಿಯುವುದೂ ಅದರ ಸ್ವಭಾವ. ಮಲೆನಾಡಿನ ಮನೆಗಳ ಸುತ್ತ ಜೀರುಂಡೆಗಳು ಒಂದು ರಾತ್ರಿ ಹೆಚ್ಚು, ಒಂದು ರಾತ್ರಿ ಕಡಮೆ ಕೂಗುತ್ತವೆ. ಆ ಮನೆಗಳಲ್ಲಿ ಜನರು ಮಾತನಾಡುತ್ತಾರೆ, ಉಣ್ಣುತ್ತಾರೆ, ನಿದ್ರೆಯನ್ನೂ ಮಾಡುತ್ತಾರೆ.