ಸೈಕ್ಲಾಮೆನ್ ಗಡ್ಡೆಯ ಬೇಸಾಯ
ದಕ್ಷಿಣ ಯೂರೋಪು, ತುರ್ಕಿ ದೇಶಗಳ ಕಾಡುಮರಗಳ ನೆರಳಿನಲ್ಲಿ ಸೈಕ್ಲಾಮೆನ್ ಎಂಬ ಗಡ್ಡೆಯ ಹೂಗಿಡವು ತಾನಾಗಿ ಬೆಳೆಯುವುದು. ಇಂಗ್ಲೆಂಡಿನ ತೋಟಗಾರರು ಹಿಮ ತಡೆಯುವ ಜಾತಿಗಳನ್ನು ತೋಟದಲ್ಲಿಯೂ, ಸೂಕ್ಷ್ಮವಾದವನ್ನು ಕಾವಿಲ್ಲದ ಗಾಜಿನ ಮನೆಯಲ್ಲಿಯೂ ಬೆಳೆಸುವರು.

ಇವುಗಳಿಗೆ ಚಳಿಗಿಂತಲೂ ನಿಂತ ನೀರೇ ಹೆಚ್ಚು ಹಾನಿಕರ. ಹೆಚ್ಚಿನ ಜಾತಿಗಳು ಬೇಸಿಗೆಯಲ್ಲಿ ಎಲೆ ಒಣಗಿ ವಿಶ್ರಮಿಸುವುವು. ಆಗ ತೇವ ಮಿತಿಮೀರಿದರೆ ಗಡ್ಡೆ ಕೊಳೆಯುವುದು. ಆದುದರಿಂದ ನೀರು ಬಸಿದುಹೋಗುವ, ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ ಒಂದೆರಡು ಅಂಗುಲ ಆಳಕ್ಕೆ ನೆಡತಕ್ಕದ್ದು.

ಗಡ್ಡೆಯು ಮರಿಯೊಡೆಯದು, ಬೀಜದಿಂದಲೇ ಸಂತತಿ. ಸಸಿ ಹೂ ಬಿಡಲು ಎರಡು ಮೂರು ವರ್ಷ ಹಿಡಿಯುವುದು. ಕಾಡಿನ ಗಡ್ಡೆಗಳನ್ನು ಅಗೆದು ಮಾರುತ್ತ ಹೋದರೆ ನೆಲೆಯೇ ಬರಿದಾಗುವುದೆಂದು, 1975ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಈ ವ್ಯಾಪಾರಕ್ಕೆ ಕಟ್ಟು ವಿಧಿಸಿದೆ. ಕಾಡಂಚಿನ ಗಡ್ಡೆಗಳನ್ನು ಅಗೆಯುವ ಗ್ರಾಮಗಳ ಮುಖಂಡರೂ, ಬೀಜಕ್ಕೆ ಸಾಕಷ್ಟು ಬಿಟ್ಟು ಮಿಕ್ಕುದನ್ನು ಅಗೆಯಿಸುವುದು ಲೇಸು.