ಗುಡ್ಡ ಇಳಿದ ಹಳೆಯ ಸೈಕಲ್ಲುಗಳು

ತೊಂಬತ್ತರ ದಶಕದ ಡೌನ್‌ಹಿಲ್ ಸೈಕಲ್ ರೇಸಿನ ಚಿತ್ರಗಳನ್ನು ಈಗ ನೋಡಿದರೆ ಯಾರಿಗಾದರೂ ನಗು ಬಂದೀತು. ಕಲ್ಲುಗುಡ್ಡದಿಂದ ಧಡಧಡ ಇಳಿಯುತ್ತಿರುವ ಸವಾರನ ಕೈಯಲ್ಲಿ ಎರಡೂವರೆ ಗೇಣಿನ ಹ್ಯಾಂಡಲ್. ಅದನ್ನು ಮುಂದಕ್ಕೆ ಚಾಚಿ ಹಿಡಿದಿರುವ ಉದ್ದನೆಯ ಸ್ಟೆಮ್. ಮೈಗೆ ಅಂಟಿದ ಲೈಕ್ರಾ ಉಡುಪು, ಕಣ್ಣಿಗೆ ರಾಚುವ ನೇರಳೆ ಬಣ್ಣದ ಬಿಡಿಭಾಗಗಳು. ಫೋರ್ಕಿನೊಳಗೆ ಸ್ಪ್ರಿಂಗಿಗೆ ಬದಲು ರಬ್ಬರಿನಂಥ ಬಿಲ್ಲೆಗಳು; ಚಳಿ ಬಿದ್ದರೆ ಅವು ಗಟ್ಟಿಯಾಗಿ ಫೋರ್ಕು ಜಗ್ಗುವುದನ್ನೇ ಮರೆಯುತ್ತಿತ್ತು. ಆಗ ತಂತ್ರಜ್ಞಾನ ಇಷ್ಟು ಬೆಳೆದಿರಲಿಲ್ಲ, ಪಾಪ, ಇದ್ದುದರಲ್ಲೇ ಓಡಿಸಿದರು ಎಂದು ಸಮಾಧಾನ ಹೇಳುವವರು ಬಹಳ. ಆ ಮಾತು ಅರ್ಧ ಮಾತ್ರ ನಿಜ ಎಂದು ನನಗನ್ನಿಸುತ್ತದೆ. ಈ ಸೈಕಲ್ಲುಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಒಂದು ವಿಚಿತ್ರ ಕಾಣುತ್ತದೆ. ಅದನ್ನು ಕಟ್ಟಿದವರಿಗೆ ಬೇಕಾದದ್ದು ಮೊದಲೇ ಕೈಯಲ್ಲಿತ್ತು. ಅದನ್ನು ಬಿಟ್ಟುಕೊಟ್ಟು, ಬೇಡದ ಇನ್ನೊಂದನ್ನು ದಶಕಗಟ್ಟಲೆ ಜೋಪಾನ ಮಾಡಿದರು.

ಈ ವಂಶ ಶುರುವಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಮೇಲಿನ ಗುಡ್ಡದಲ್ಲಿ. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ‘ರೀಪ್ಯಾಕ್’ ರೇಸು ನಡೆಯಿತು. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಮಣ್ಣುದಾರಿ, ಸುಮಾರು 1,300 ಅಡಿ ಇಳಿತ. ಸವಾರರು ಏರುತ್ತಿದ್ದದ್ದು ಮೂವತ್ತು ನಲವತ್ತರ ದಶಕದ ಶ್ವಿನ್ ಕಂಪನಿಯ ದಪ್ಪ ಟೈರಿನ ಸೈಕಲ್ಲುಗಳನ್ನು. ಹುಡುಗರು ಊರೊಳಗೆ ಓಡಾಡಲೆಂದು ಮಾಡಿದವು. ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ಹಬ್ಬಿನೊಳಗೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತಿತ್ತು. ಅಷ್ಟುದ್ದದ ಇಳಿಜಾರಿನಲ್ಲಿ ಹಿಡಿದು ಹಿಡಿದು ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಮುಟ್ಟಿದವರು ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ರೇಸಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಇಂಥ ಸೈಕಲ್ಲಿನಲ್ಲೇ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದು ದಾಖಲೆ ಮಾಡಿದ. ಬ್ರೇಕು ಅಷ್ಟು ದರಿದ್ರವಾಗಿದ್ದರೂ ಆ ಸೈಕಲ್ಲಿನ ಎರಡು ಗುಣ ಇಳಿಯುವುದಕ್ಕೆ ಹೇಳಿ ಮಾಡಿಸಿದಂತಿದ್ದವು. ಒಂದು, ಅಗಲವಾದ ಹ್ಯಾಂಡಲ್. ಇನ್ನೊಂದು, ಮುಂದಕ್ಕೆ ಒರಗಿದ ಫೋರ್ಕು. ನೆಲಕ್ಕೆ ಅದು ಸುಮಾರು 68 ಡಿಗ್ರಿ ಕೋನದಲ್ಲಿದ್ದುದರಿಂದ ಮುಂದಿನ ಚಕ್ರ ಸವಾರನಿಂದ ದೂರ ನಿಲ್ಲುತ್ತಿತ್ತು, ಅವನು ಹ್ಯಾಂಡಲಿನ ಮೇಲಿಂದ ಮುಗ್ಗರಿಸುವುದು ಕಡಿಮೆಯಾಗುತ್ತಿತ್ತು. 1977ರಲ್ಲಿ ಜೋ ಬ್ರೀಜ್ ಗುಡ್ಡಕ್ಕೆಂದೇ ಹೊಸದಾಗಿ ಸೈಕಲ್ ಕಟ್ಟಿದಾಗಲೂ ಈ ಕೋನವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡ.

ಆದರೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೋನ 71 ಡಿಗ್ರಿಗೆ ಬಂದು ನಿಂತಿತ್ತು, ಹ್ಯಾಂಡಲ್ ಕಿರಿದಾಗಿತ್ತು. ಕಾರಣ, ರಸ್ತೆ ಸೈಕಲ್ಲಿನ ಅನುಕರಣೆ: ಸೈಕಲ್ ರೇಸು ಅಂದರೆ ಎಲ್ಲರ ಕಣ್ಣಮುಂದೆ ಬರುತ್ತಿದ್ದದ್ದು ಟಾರು ರಸ್ತೆಯ ರೇಸು, ಗೌರವವೂ ಅದಕ್ಕೇ. ಜೊತೆಗೆ, ಒಬ್ಬನೇ ಸವಾರ ಗುಡ್ಡ ಹತ್ತುವ ರೇಸಿಗೂ ಇಳಿಯುವ ರೇಸಿಗೂ ನಿಲ್ಲುತ್ತಿದ್ದ ಕಾಲ ಅದು. ಜಾನ್ ಟೋಮ್ಯಾಕ್‌ನನ್ನೇ ನೋಡಿ. 1991ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಸ್‌ಕಂಟ್ರಿಯ ಚಿನ್ನವೂ ಡೌನ್‌ಹಿಲ್‌ನ ಬೆಳ್ಳಿಯೂ ಅವನಿಗೇ ಬಂದವು. ಅದಕ್ಕೆ ಹಿಂದಿನ ವರ್ಷ ರಸ್ತೆ ರೇಸಿನ ತಂಡದಲ್ಲೂ ಇದ್ದವನು, ಕೂರುವ ಭಂಗಿ ಬದಲಾಗದಿರಲೆಂದು, ತನ್ನ ಯೇಟಿ ಸೈಕಲ್ಲಿಗೆ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ರಸ್ತೆ ಹ್ಯಾಂಡಲನ್ನೇ ಹಾಕಿಕೊಂಡು ಗುಡ್ಡ ಇಳಿದ. ಹಿಂದಿನ ಚಕ್ರಕ್ಕೆ ಕಡ್ಡಿಗಳ ಬದಲು ಕೆವ್ಲಾರ್ ಎಳೆಗಳಿಂದ ಬಿಗಿದ ತೆಳು ಹಾಳೆ. ಕಲ್ಲುದಾರಿಯಲ್ಲಿ ಅದು ಮದ್ದಳೆ ಬಾರಿಸಿದ ಹಾಗೆ ಸದ್ದು ಮಾಡುತ್ತಿತ್ತು. ಈ ಹಳೆಯ ಸೈಕಲ್ಲುಗಳ ಅಭಿಮಾನಿಗಳು ಇಂದಿಗೂ ಮರೆಯದ ಸದ್ದು ಅದು.

ಇನ್ನು ಉಳಿಸಿಕೊಂಡದ್ದು ಏನು? 26 ಇಂಚಿನ ಚಕ್ರ. ಗುಡ್ಡ ಇಳಿಯಲು ಇದೇ ಅಳತೆ ಸರಿ ಎಂದು ಯಾರೂ ಲೆಕ್ಕ ಹಾಕಿ ತೀರ್ಮಾನಿಸಿದ್ದಲ್ಲ. 1933ರಲ್ಲಿ ಶ್ವಿನ್ ಕಂಪನಿ ದಪ್ಪ ಟೈರು ತಂದಾಗ ಅದು ಆ ಅಳತೆಯದಾಗಿತ್ತು. ಮರಿನ್‌ನ ಹುಡುಗರಿಗೆ ಗುಜರಿಯಲ್ಲಿ ಸಿಕ್ಕಿದ್ದು ಅದೇ. ಆಮೇಲೆ ಟೈರು, ರಿಮ್ಮು, ಫೋರ್ಕು ಎಲ್ಲವೂ ಅದೇ ಅಳತೆಗೆ ತಯಾರಾದವು. ಸಿಗುವುದು ಅದೊಂದೇ ಆದ್ದರಿಂದ ಕೊಳ್ಳುವುದೂ ಅದನ್ನೇ. 29 ಇಂಚಿನ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ ಎಂಬುದು ಡೌನ್‌ಹಿಲ್ ವಿಶ್ವಕಪ್ಪಿನಲ್ಲಿ ಒಪ್ಪಿತವಾದದ್ದು 2017ರಲ್ಲಿ, ಗ್ರೆಗ್ ಮಿನ್ನಾರ್ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಅಂಥ ಸೈಕಲ್ಲಿನಲ್ಲಿ ಗೆದ್ದಾಗ.

ಇದಕ್ಕೆ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಡಿಸ್ಕ್ ಬ್ರೇಕು, ಎಣ್ಣೆ ತುಂಬಿದ ಒಳ್ಳೆಯ ಶಾಕ್ ಅಬ್ಸಾರ್ಬರ್ ಇವೆಲ್ಲ ಬಂದ ಮೇಲೆ ತಾನೆ ಉಳಿದದ್ದು ಸಾಧ್ಯವಾದದ್ದು ಎನ್ನಬಹುದು. ಬ್ರೇಕಿನ ಮಟ್ಟಿಗೆ, ಶಾಕಿನ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒದ್ದೆ ರಿಮ್ಮನ್ನು ರಬ್ಬರು ತುಂಡಿನಿಂದ ಹಿಡಿದು ಗುಡ್ಡ ಇಳಿಯುವುದು ಹುಡುಗಾಟವಲ್ಲ, ಎಷ್ಟೋ ಜನ ಮೂಳೆ ಮುರಿದುಕೊಂಡಿದ್ದಾರೆ; ಹಳೆಯದರ ಮೇಲಿನ ಅಕ್ಕರೆಯಲ್ಲಿ ಅದನ್ನು ಮರೆಸುವುದು ಸರಿಯಲ್ಲ. ಆದರೆ ಒಂದು ಕೊಳವೆಯನ್ನು ತುಸು ಉದ್ದವಾಗಿ ಕತ್ತರಿಸಿ ಅಗಲದ ಹ್ಯಾಂಡಲ್ ಮಾಡಲು, ಸ್ಟೆಮ್ ಗಿಡ್ಡ ಮಾಡಲು, ಫ್ರೇಮು ಬೆಸೆಯುವಾಗ ನಾಲ್ಕು ಡಿಗ್ರಿ ಒರಗಿಸಲು ಯಾವ ಹೊಸ ವಿಜ್ಞಾನ ಬೇಕಿತ್ತು? ಆ ಬದಲಾವಣೆ ಬಂದದ್ದು ಪ್ರಯೋಗಶಾಲೆಯಿಂದಲ್ಲ, ಹೊರಗಿನವರಿಂದ. ಇಬ್ಬರು ಸವಾರರು ಅಕ್ಕಪಕ್ಕದ ಎರಡು ದಾರಿಗಳಲ್ಲಿ ಕಂಬ ಸುತ್ತುತ್ತ ಇಳಿಯುವ ಡ್ಯುಯಲ್ ಸ್ಲಾಲಮ್‌ಗೆ ಪುಟ್ಟ ಸೈಕಲ್ಲಿನ ಮಣ್ಣುದಾರಿ ರೇಸಾದ ಬಿಎಂಎಕ್ಸ್‌ನ ಹುಡುಗರು ಬಂದರು, ಬ್ರಯಾನ್ ಲೋಪ್ಸ್‌ನಂಥವರು. ಅವರಿಗೆ ತಗ್ಗಿದ ಸೀಟೂ ಗಿಡ್ಡ ಸ್ಟೆಮ್ಮೂ ಮೊದಲಿನಿಂದ ರೂಢಿ. ಹಿಮದ ಮೇಲೆ ಜಾರುವ ಸ್ನೋಬೋರ್ಡಿನ ಶಾನ್ ಪಾಮರ್ ಮೋಟರ್‌ಸೈಕಲ್ ರೇಸಿನ ಸಡಿಲ ಅಂಗಿ ತೊಟ್ಟು ಬಂದು, 1996ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಿಕೊಲಾ ವುಯೋಜ್‌ಗಿಂತ ಸೆಕೆಂಡಿನ ಒಂದು ಚೂರಷ್ಟೇ ಹಿಂದೆ, ಎರಡನೆಯವನಾದ. ರಸ್ತೆ ರೇಸಿನ ಮರ್ಯಾದೆಯ ಹಂಗು ಇವರಿಗೆ ಇರಲಿಲ್ಲ. ಇವತ್ತಿನ ಡೌನ್‌ಹಿಲ್ ಸೈಕಲ್ಲಿನ ಕೋನ ಸುಮಾರು 63 ಡಿಗ್ರಿ; ಹ್ಯಾಂಡಲ್ 80 ಸೆಂಟಿಮೀಟರಿನ ಹತ್ತಿರ.

26 ಇಂಚನ್ನು ಬರೀ ಅಕಸ್ಮಾತ್ ಎನ್ನುವುದು ಅನ್ಯಾಯ, ಸಣ್ಣ ಚಕ್ರ ಬೇಗ ವೇಗ ಪಡೆಯುತ್ತದೆ, ಚುರುಕಾಗಿ ತಿರುಗುತ್ತದೆ, ಗಟ್ಟಿಯೂ ಹೌದು ಎಂದು ವಾದಿಸುವವರೂ ಇದ್ದಾರೆ. ಅವರ ಮಾತು ಒಂದು ಕಡೆ ಸರಿ. ಡ್ಯುಯಲ್ ಸ್ಲಾಲಮ್ ವಿಶ್ವಕಪ್ಪಿನಲ್ಲಿ 2001ಕ್ಕೆ ಮುಗಿದು, ಮರುವರ್ಷದಿಂದ ಅದರ ಜಾಗಕ್ಕೆ ನಾಲ್ವರು ಒಟ್ಟಿಗೆ ಇಳಿಯುವ ಫೋರ್‌ಕ್ರಾಸ್ ಬಂತು. ಆದರೂ ಕ್ಯಾಲಿಫೋರ್ನಿಯಾದ ಸೀ ಆಟರ್ ಸೈಕಲ್ ಉತ್ಸವದಲ್ಲಿ ಸ್ಲಾಲಮ್ ಇನ್ನೂ ನಿಂತಿಲ್ಲ. ಗಿಡ್ಡ ದಾರಿ, ಒತ್ತೊತ್ತಾದ ತಿರುವು. ಅಲ್ಲಿಗೆ ಈಗಲೂ 26 ಇಂಚಿನ ಪುಟ್ಟ ಸೈಕಲ್ಲನ್ನೇ ಬೇಕೆಂದು ಆರಿಸಿ ತರುವ ಸವಾರರಿದ್ದಾರೆ.