ಅಡುಗೆಮನೆ ಹಿಂದಿನ ಬಿಹು



ರೆಸಾರ್ಟ್‌ಗಳಿಗೆ ಹೋಗಿ ಬಂದವರಿಗೆ ‘ಕಲ್ಚರಲ್ ಈವ್ನಿಂಗ್’ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ರಿಸೆಪ್ಷನ್ ಪಕ್ಕದ ಬೋರ್ಡಿನಲ್ಲಿ ಟೈಮು ಬರೆದಿರುತ್ತಾರೆ. ಕೊಡಗಾದ್ರೆ ಉಮ್ಮತ್ತಾಟ್, ಕರಾವಳಿಯಾದ್ರೆ ಯಕ್ಷಗಾನದ ಒಂದು ತುಣುಕು. ಲಾನ್‌ನಲ್ಲಿ ಕುರ್ಚಿ, ಕೈಯಲ್ಲಿ ಸೂಪು, ಅರ್ಧ ಗಂಟೆ ಆದಮೇಲೆ ಊಟ. ತಪ್ಪೇನಲ್ಲ, ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತೆ. ಆದರೆ ಇವತ್ತು ನಾನು ಮಾತಾಡಬೇಕಿರೋದು ಯಾವ ಬೋರ್ಡಿನಲ್ಲೂ ಬರೆಯದ ಒಂದು ಕಾರ್ಯಕ್ರಮದ ಬಗ್ಗೆ.

ಕೊಡಗಿನ ಒಂದು ರೆಸಾರ್ಟು. ಹೆಸರು ಬೇಡ. ಏಪ್ರಿಲ್ ಮಧ್ಯಭಾಗ, ಸರ್ಕಾರಿ ರಜೆಗೆ ವಾರದ ಕೊನೆಯೂ ಸೇರಿಕೊಂಡಿತ್ತು, ರೂಮುಗಳೆಲ್ಲ ಭರ್ತಿ. ರಾತ್ರಿ ಹನ್ನೊಂದೂವರೆಗೆ ಬಿಸಿನೀರು ಕೇಳೋಣ ಅಂತ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಫ್ಲಾಸ್ಕ್ ಹಿಡ್ಕೊಂಡು ಅಡುಗೆಮನೆ ಕಡೆ ನಡೆದೆ. ಹಿಂದುಗಡೆಯಿಂದ ಡೋಲಿನ ಸದ್ದು. ಜೋರಾಗಿ ಅಲ್ಲ, ಅಂಗೈಯಲ್ಲಿ ಒತ್ತಿ ಹಿಡಿದು ಬಾರಿಸಿದ ಹಾಗೆ. ಗೆಸ್ಟುಗಳಿಗೆ ಕೇಳಬಾರದಲ್ಲ!

ಗ್ಯಾಸ್ ಸಿಲಿಂಡರ್‌ಗಳು, ಒಣಹಾಕಿದ ಬೆಡ್‌ಶೀಟುಗಳು, ನಡುವೆ ಒಂದಿಷ್ಟು ಸಿಮೆಂಟಿನ ಅಂಗಳ. ಅಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಸಂಜೆ ನನಗೆ ಮೀನು ಬಡಿಸಿದ ಹುಡುಗ, ರೂಮು ಗುಡಿಸೋ ಹೆಣ್ಮಕ್ಕಳು, ಸ್ವಿಮ್ಮಿಂಗ್ ಪೂಲ್ ನೋಡಿಕೊಳ್ಳೋನು. ಯಾರಿಗೂ ಯೂನಿಫಾರ್ಮ್ ಇಲ್ಲ. ಹುಡುಗರ ತಲೆಗೆ ಕೆಂಪಂಚಿನ ಬಿಳಿ ಗಮೋಸಾ, ಹೆಣ್ಮಕ್ಕಳ ಮೈಮೇಲೆ ಮೇಖಲಾ ಚಾದರ್. ಒಬ್ಬ ಎಮ್ಮೆ ಕೊಂಬಿನ ಪೇಪಾ ಊದ್ತಾ ಇದ್ದ. ಅಸ್ಸಾಮಿನ ರೊಂಗಾಲಿ ಬಿಹು, ಅವರ ಹೊಸ ವರ್ಷ.

ಇದು ಹೊಲದ ಹಬ್ಬ. ಚೈತ್ರದ ಕೊನೆಯ ದಿನ ದನಗಳ ಮೈ ತೊಳೆದು ಸೋರೆಕಾಯಿ, ಬದನೆಕಾಯಿ ತಿನ್ನಿಸುತ್ತಾರೆ. ಮಾರನೇ ದಿನ ಮನುಷ್ಯರದು. ಹಿರಿಯರಿಗೆ ಗಮೋಸಾ ಕೊಟ್ಟು ಆಶೀರ್ವಾದ ಬೇಡಬೇಕು. ಹುಸೊರಿ ಅಂತ ತಂಡ ಕಟ್ಟಿಕೊಂಡು ಮನೆ ಮನೆ ಅಂಗಳದಲ್ಲಿ ಹಾಡಿ ಹರಸಬೇಕು. ಇಲ್ಲಿ ದನ ಎಲ್ಲಿಂದ ಬರಬೇಕು, ಮನೆ ಎಲ್ಲಿಂದ ಬರಬೇಕು? ಸ್ಟಾಫ್ ಕ್ವಾರ್ಟರ್ಸಿನ ಒಂದೊಂದು ಬಾಗಿಲ ಮುಂದೆ ನಿಂತು ಹಾಡಿ ಬಂದಿದ್ದರಂತೆ. ಹಿರಿಯರು ಅಂದ್ರೆ ಪಾತ್ರೆ ತೊಳೆಯೋ ಸುಳ್ಯದ ಅಕ್ಕ. ಗಮೋಸಾ ಹೊದ್ದುಕೊಂಡು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದ್ದರು.

‘ನಿಮಗೇನು ಅಕ್ಕ ಈ ಹಬ್ಬ?’ ಅಂದೆ. ‘ನಮ್ಮಲ್ಲಿಯೂ ಬಿಸು ಅಲ್ವಾ? ಮನೆಯಲ್ಲಿ ಕಣಿ ಇಡ್ಲಿಕ್ಕೆ ಈ ಸಲ ಹೋಗ್ಲಿಕ್ಕೆ ಆಗ್ಲಿಲ್ಲ. ಇವರದ್ದು ಬಿಹು ಅಂತೆ, ಒಂದೇ ಅಕ್ಷರ ವ್ಯತ್ಯಾಸ’ ಅಂದರು.

ನೋಡಿ, ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಸೂರ್ಯ ಮೇಷಕ್ಕೆ ಬರೋ ದಿನ ಅದು. ತುಳುನಾಡಿಗೆ ಬಿಸು, ಕೇರಳಕ್ಕೆ ವಿಷು, ಕೊಡವರಿಗೆ ಎಡಮ್ಯಾರ್, ಅಸ್ಸಾಮಿಗೆ ಬಿಹು. ಊರಿನವರಿಗೂ ಅಲ್ಲಿ ಕೆಲಸ ಮಾಡೋರಿಗೂ ಹೊಸ ವರ್ಷ ಒಟ್ಟಿಗೇ ಬಂದಿದೆ. ನಮಗೆ ಮಾತ್ರ ಅದು ಬರೀ ‘ಲಾಂಗ್ ವೀಕೆಂಡ್’.

ಸಮಸ್ಯೆ ಇರೋದೇ ಇಲ್ಲಿ. ನಮ್ಮ ರಜೆಯೇ ಅವರಿಗೆ ಹೆಚ್ಚು ಕೆಲಸದ ದಿನ. 1963ರ ಕಾಯ್ದೆಯೊಂದಿದೆ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ, ಇದರ ಮೇಲೆ ಹಬ್ಬದ ರಜೆ 5. ಆ ದಿನ ದುಡಿಸಿಕೊಂಡರೆ ದುಪ್ಪಟ್ಟು ಸಂಬಳ, ಇಲ್ಲಾಂದ್ರೆ ಬದಲಿ ರಜೆ. ಬಿಹು ಆ ಐದರೊಳಗೆ ಬರದೇ ಇರಬಹುದು. ಆದರೆ ಅರ್ಧ ಜನಕ್ಕೆ ಸಂಜೆ ಆರಕ್ಕೆ ಡ್ಯೂಟಿ ಬಿಡೋಕೆ ಯಾವ ಕಾಯ್ದೆ ಬೇಕು ಸ್ವಾಮಿ? ಊರಿಗೆ ಹೋಗಿ ಬನ್ನಿ ಅಂದ್ರೂ ಸುಲಭವಲ್ಲ. ಗುವಾಹಟಿಗೆ ರೈಲಿನಲ್ಲಿ ಎರಡು ರಾತ್ರಿಯ ಪ್ರಯಾಣ.

ಗುವಾಹಟಿ ರೈಲು ಅಂದಾಗ 2012ರ ಆಗಸ್ಟ್ ನೆನಪಾಗದೆ ಇರೋದಿಲ್ಲ. ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಗಲಭೆ, ಇಲ್ಲಿ ಎಸ್ಸೆಮ್ಮೆಸ್ ವದಂತಿ. ಎರಡೇ ದಿನದಲ್ಲಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಸಿಟಿ ಸ್ಟೇಷನ್ನಿಗೆ ಬ್ಯಾಗ್ ಹೊತ್ತು ಬಂದರು. ರೈಲ್ವೆಯವರು ವಿಶೇಷ ರೈಲು ಬಿಟ್ಟರು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದು ಅಂತ ನಿರ್ಬಂಧ ಹಾಕಿತು. ಸಚಿವರು, ಪೊಲೀಸರು ‘ಹೋಗಬೇಡಿ, ನಾವಿದ್ದೀವಿ’ ಅಂದರೂ ಹೊರಟವರು ನಿಲ್ಲಲಿಲ್ಲ. ವರ್ಷಗಟ್ಟಲೆ ಇದ್ದರೂ, ಕಷ್ಟಕ್ಕೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

‘ಅವರಿಗೆ ಕನ್ನಡ ಬರಲ್ಲ’ ಅಂತೀವಿ. ಬರಬೇಕು, ನಾನೂ ಇದೇ ಸ್ಟುಡಿಯೋದಲ್ಲಿ ಕೂತು ಹೇಳಿದ್ದೀನಿ, ಮುಂದೆಯೂ ಹೇಳ್ತೀನಿ. ಆದರೆ ಕಲಿಸೋರು ಯಾರು? ಗೆಸ್ಟ್ ಹತ್ತಿರ ಇಂಗ್ಲಿಷು, ಸೂಪರ್‌ವೈಸರ್ ಹತ್ತಿರ ಹಿಂದಿ, ಪೇಟೆ ಕಡೆ ಹೋಗೋದು ಅಪರೂಪಕ್ಕೊಮ್ಮೆ. ಆ ಹುಡುಗರಿಗೆ ಗೊತ್ತಿದ್ದ ಕನ್ನಡವೆಲ್ಲ ಸುಳ್ಯದ ಅಕ್ಕನದ್ದೇ: ‘ಎಂತ ಸಾರ್’, ‘ಊಟ ಆಯ್ತಾ’, ‘ಮಾರಾಯಾ’. ಕೇಳೋಕೆ ಎಷ್ಟು ಚೆನ್ನಾಗಿತ್ತು ಅಂತೀರಿ!

ಬೆಳಗ್ಗೆ ಮ್ಯಾನೇಜರ್ ಹತ್ತಿರ ಈ ವಿಷಯ ತೆಗೆದೆ. ಒಳ್ಳೆ ಮನುಷ್ಯ, ಗಾಬರಿಯಾದರು. ‘ಡಿಸ್ಟರ್ಬ್ ಆಯ್ತಾ ಸರ್?’ ಇಲ್ಲ ಅಂದೆ. ಆಮೇಲೆ ಅವರ ಮುಖ ಅರಳಿತು. ‘ಮುಂದಿನ ವರ್ಷ ಲಾನ್‌ನಲ್ಲೇ ಮಾಡಿಸ್ತೀನಿ ಸರ್, ಗೆಸ್ಟ್‌ಗಳಿಗೆ ಹೊಸ ಐಟಂ ಆಗುತ್ತೆ.’

ಪಕ್ಕದಲ್ಲಿ ಕಾಫಿ ಇಡ್ತಿದ್ದ ಹುಡುಗ, ರಾತ್ರಿ ಪೇಪಾ ಊದಿದವನೇ, ಏನೂ ಮಾತಾಡಲಿಲ್ಲ. ಮ್ಯಾನೇಜರ್ ಆಚೆ ಹೋದಮೇಲೆ ಮೆತ್ತಗೆ ಹಿಂದಿಯಲ್ಲಿ ಹೇಳಿದ: ‘ಸಾರ್, ಹಾಗೆ ಮಾಡಿದರೆ ಅದೂ ಡ್ಯೂಟಿ ಆಗಿಬಿಡುತ್ತೆ.’

ಹಾಗಾದರೆ ಏನು ಬೇಕಪ್ಪಾ ಅಂದೆ. ‘ಹತ್ತು ಗಂಟೆಗೆ ಶುರು ಮಾಡೋಕೆ ಬಿಟ್ಟರೆ ಸಾಕು. ಡೋಲು ಸ್ವಲ್ಪ ಜೋರಾಗಿ ಬಾರಿಸಬೇಕು.’